ಬೆಟ್ಟ ಹತ್ತುವವರ ಔಷಧದ ಚೀಲ

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು 1,712 ಮೀಟರ್ ಎತ್ತರದ ಕುಮಾರಪರ್ವತದ ತುದಿ ಮುಟ್ಟಬೇಕಾದರೆ ಕಾಡಿನ ಕಡಿದಾದ ದಾರಿಯಲ್ಲಿ ಗಂಟೆಗಟ್ಟಲೆ ನಡೆಯಬೇಕು. ತುದಿಯ ಹತ್ತಿರ ವೈದ್ಯರಾಗಲಿ ಔಷಧದ ಅಂಗಡಿಯಾಗಲಿ ಇಲ್ಲ. ಇಂತಹ ಬೆಟ್ಟಗಳಿಗೆ ಹೊರಡುವ ಯುವಕರು ಸಿಕ್ಕ ಮಾತ್ರೆಗಳನ್ನೆಲ್ಲ ತುಂಬಿಕೊಳ್ಳುವುದು ಜಾಣತನವಲ್ಲ. ಔಷಧಗಳು ಕೆಲವೇ ಇರಲಿ. ಪ್ರತಿಯೊಂದೂ ಯಾವುದಕ್ಕೆ, ಎಷ್ಟು, ಯಾರಿಗೆ ಕೂಡದು ಎಂಬುದು ತಿಳಿದಿರಲಿ.

ಇರಬೇಕಾದವು:

1. ಓ.ಆರ್.ಎಸ್. ಪುಡಿ: ಭೇದಿ, ವಾಂತಿ, ಅತಿಯಾದ ಬೆವರಿನಿಂದ ಬಳಲಿದವರಿಗೆ ಇದೇ ಮೊದಲ ಮದ್ದು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಬೇಕು. ನೀರು ಕಡಿಮೆ ಮಾಡಿದರೆ ಉಪ್ಪು ಹೆಚ್ಚಾಗಿ ಕೇಡಾಗುತ್ತದೆ.

2. ಪ್ಯಾರಾಸಿಟಮಾಲ್, 500 ಮಿಲಿಗ್ರಾಂ: ಜ್ವರ, ಮೈಕೈ ನೋವಿಗೆ ದೊಡ್ಡವರಿಗೆ ಒಂದು ಮಾತ್ರೆ, ಬೇಕಾದರೆ ಆರು ಗಂಟೆಗಳ ನಂತರ ಇನ್ನೊಂದು. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಇದೇ ಔಷಧ ಇರುವುದರಿಂದ ಎರಡನ್ನೂ ಒಟ್ಟಿಗೆ ಕೊಡಬಾರದು. ಮಿತಿ ಮೀರಿದರೆ ಯಕೃತ್ತು ಕೆಡುತ್ತದೆ.

3. ಸೆಟಿರಿಜಿನ್, 10 ಮಿಲಿಗ್ರಾಂ: ತುರಿಕೆ, ಮೈಮೇಲಿನ ದದ್ದುಗಳಿಗೆ ದಿನಕ್ಕೆ ಒಂದೇ ಮಾತ್ರೆ. ತೂಕಡಿಕೆ ಬರಬಹುದು, ಕಡಿದಾದ ಇಳಿಜಾರಿನಲ್ಲಿ ಎಚ್ಚರ. ಉಸಿರು ಕಟ್ಟಿದರೆ, ಮುಖ ಬಾತುಕೊಂಡರೆ ಮಾತ್ರೆಯನ್ನು ನೆಚ್ಚದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

4. ಪೊವಿಡೋನ್ ಅಯೋಡಿನ್ ಮುಲಾಮು, ಶುಚಿಯಾದ ಬಟ್ಟೆ: ಗಾಯವನ್ನು ಮೊದಲು ನೀರಿನಿಂದ ತೊಳೆದು ಬಳಿಕ ಹಚ್ಚಬೇಕು. ಜಿಗಣೆಯನ್ನು ಸುಡಬಾರದು, ಉಗುರಿನಿಂದ ಮೆಲ್ಲನೆ ಸರಿಸಿ ಬಿಡಿಸಬೇಕು. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದು. ಬಟ್ಟೆಯಿಂದ ಒತ್ತಿಹಿಡಿದರೆ ನಿಧಾನವಾಗಿ ನಿಲ್ಲುತ್ತದೆ.

5. ಸಕ್ಕರೆ ಕಾಯಿಲೆ, ಉಬ್ಬಸ ಮೊದಲಾದವು ಇರುವವರು ತಮ್ಮ ನಿತ್ಯದ ಔಷಧವನ್ನು ಒಂದು ದಿನಕ್ಕೆ ಹೆಚ್ಚಾಗಿಯೇ ಒಯ್ಯಬೇಕು.

ಬಿಡಬೇಕಾದವು: ಹಿಂದಿನ ಕಾಯಿಲೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆಗಳು ಬೇಡ. ನೀರಡಿಸಿ ಬಳಲಿದವರಿಗೆ ಐಬುಪ್ರೊಫೇನ್ ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಹಾವು ಕಚ್ಚಿದರೆ: ಇದಕ್ಕೆ ಚೀಲದಲ್ಲಿ ಔಷಧವಿಲ್ಲವೆಂದು ಎಲ್ಲರೂ ತಿಳಿದಿರಬೇಕು. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಕೂಡದು. ಆಸ್ಪಿರಿನ್ ಕೊಡಬಾರದು, ರಕ್ತಸ್ರಾವ ಹೆಚ್ಚೀತು. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಕೋಲು ಕಟ್ಟಿ, ರೋಗಿಯನ್ನು ನಡೆಸದೆ ಹೊತ್ತು ತರಬೇಕು. 108ಕ್ಕೆ ಕರೆ ಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ತಲಪಿಸಬೇಕು.

ಮಾತ್ರೆಗಳನ್ನು ಮೂಲ ಪಟ್ಟಿಯಲ್ಲಿಯೇ ಇಟ್ಟು, ಅವಧಿಯ ದಿನಾಂಕ ನೋಡಿ, ನೀರು ತಾಗದ ಚೀಲದಲ್ಲಿ ಹಾಕಿರಿ. ಪ್ರಮಾಣಗಳನ್ನು ಕನ್ನಡದಲ್ಲಿ ಬರೆದ ಚೀಟಿಯೊಂದು ಜೊತೆಗಿರಲಿ. ಮಕ್ಕಳು, ಗರ್ಭಿಣಿಯರು ತಂಡದಲ್ಲಿದ್ದರೆ ಹೊರಡುವ ಮುನ್ನವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಕೊಳ್ಳಿರಿ.