ದುಬೈ, ಅಬುಧಾಬಿಗೆ ಹೊಸದಾಗಿ ಬಂದವರು ಫೋನ್ ಬಳಸುವ ಕ್ರಮ

ಮಂಗಳೂರಿನಲ್ಲಿ ವಿಮಾನ ಹತ್ತಿ ನಾಲ್ಕು ಗಂಟೆಯೊಳಗೆ ದುಬೈಯಲ್ಲಿ ಇಳಿಯುವವರ ಕೈಯಲ್ಲಿ ಊರಿನದೇ ಫೋನ್ ಇರುತ್ತದೆ. ಅದರ ಜೊತೆ ಊರಿನ ಅಭ್ಯಾಸಗಳೂ ಬಂದಿರುತ್ತವೆ. ರಸ್ತೆಯಲ್ಲಿ ಅಪಘಾತ ಕಂಡರೆ ವಿಡಿಯೊ ಮಾಡುವುದು, ಸಿಟ್ಟು ಬಂದರೆ ಗ್ರೂಪಿನಲ್ಲಿ ನಾಲ್ಕು ಮಾತು ಬೈಯುವುದು, ಯಾರದೋ ಕಷ್ಟಕ್ಕೆ ದುಡ್ಡು ಕೇಳುವ ಮೆಸೇಜನ್ನು ಹಿಂದೆಮುಂದೆ ನೋಡದೆ ಹತ್ತು ಕಡೆ ಕಳಿಸುವುದು. ಊರಲ್ಲಿ ಇದನ್ನೆಲ್ಲ ಯಾರೂ ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಇಲ್ಲಿ ಈ ಮೂರೂ ಕಾನೂನಿಗೆ ಸಿಕ್ಕಿಸುವ ಕೆಲಸಗಳು. ಯುಎಇಯ ಸೈಬರ್ ಅಪರಾಧ ಕಾನೂನು, ಅಂದರೆ 2021ರ 34ನೇ ಫೆಡರಲ್ ಡಿಕ್ರಿ ಕಾನೂನು, 2022ರ ಜನವರಿ 2ರಂದು ಜಾರಿಗೆ ಬಂತು. ಅದನ್ನು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ನಿಮ್ಮ ಖಾಸಗಿತನ ಕಾಪಾಡಿಕೊಳ್ಳುವುದು ನಿಮಗೆ ಬಿಟ್ಟ ವಿಚಾರ, ಆದರೆ ಪಕ್ಕದವರ ಖಾಸಗಿತನಕ್ಕೆ ನಿಮ್ಮ ಫೋನಿನಿಂದ ಧಕ್ಕೆಯಾದರೆ ಉತ್ತರ ಕೊಡಬೇಕಾದವರು ನೀವೇ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಅರ್ಧ ನಿಮ್ಮ ರಕ್ಷಣೆಗೆ, ಇನ್ನರ್ಧ ನಿಮ್ಮಿಂದ ಬೇರೆಯವರ ರಕ್ಷಣೆಗೆ.

ಹಂತ 1: ನಂಬರು ಭದ್ರ ಮಾಡಿ

ಇಲ್ಲಿಗೆ ಬಂದವರಲ್ಲಿ ತುಂಬ ಜನ ಎತಿಸಲಾತ್ ಅಥವಾ ಡು ಸಿಮ್ ತೆಗೆದುಕೊಂಡರೂ ವಾಟ್ಸ್‌ಆ್ಯಪನ್ನು ಭಾರತದ ನಂಬರಿನಲ್ಲೇ ಮುಂದುವರಿಸುತ್ತಾರೆ. ಊರಿನ ಸಿಮ್ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ, ರೀಚಾರ್ಜ್ ಮರೆತುಹೋಗುತ್ತದೆ. 90 ದಿನ ಬಳಕೆಯಿಲ್ಲದ ನಂಬರನ್ನು ರದ್ದು ಮಾಡಲು ಭಾರತದ ಕಂಪನಿಗಳಿಗೆ ಅವಕಾಶವಿದೆ. ಸ್ವಲ್ಪ ಕಾಲ ಕಳೆದ ಮೇಲೆ ಅದೇ ನಂಬರು ಬೇರೊಬ್ಬರ ಕೈಗೆ ಹೋಗುತ್ತದೆ. ಅವರು ಅದರಲ್ಲಿ ವಾಟ್ಸ್‌ಆ್ಯಪ್ ತೆರೆದರೆ ನೀವು ಹೊರಗೆ. ಊರಿನ ಬ್ಯಾಂಕಿನ ಒಟಿಪಿಯೂ ಅವರಿಗೇ ಹೋಗಬಹುದು. ಹಾಗಾಗಿ ಒಂದೋ ಊರಿನ ಸಿಮ್ಮನ್ನು ಜೀವಂತ ಇಟ್ಟುಕೊಳ್ಳಿ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ತೆರೆದು ‘ಚೇಂಜ್ ನಂಬರ್’ ಮೂಲಕ ಇಲ್ಲಿನ ನಂಬರಿಗೆ ಬದಲಾಯಿಸಿ. ಕೆಲಸ ಬಿಟ್ಟು ಊರಿಗೆ ಮರಳುವಾಗ ಇಲ್ಲಿನ ಸಿಮ್ಮಿಗೂ ಇದೇ ಮಾತು.

ಅದೇ ಅಕೌಂಟ್ ಪುಟದಲ್ಲಿ ‘ಟು-ಸ್ಟೆಪ್ ವೆರಿಫಿಕೇಷನ್’ ಆನ್ ಮಾಡಿ ಆರು ಅಂಕಿಯ ಪಿನ್ ಇಡಿ. ಹುಟ್ಟಿದ ದಿನಾಂಕ ಬೇಡ. ಆಮೇಲೆ ಪ್ರೈವೆಸಿಗೆ ಹೋಗಿ ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್, ಗ್ರೂಪ್ಸ್ ಈ ಮೂರನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ತನ್ನಿ. ಗ್ರೂಪ್ಸ್ ಬದಲಾಯಿಸದಿದ್ದರೆ ನಿಮಗೆ ಗೊತ್ತಿಲ್ಲದವರೂ ನಿಮ್ಮನ್ನು ಯಾವುದೋ ಹೂಡಿಕೆ ಗ್ರೂಪಿಗೆ ಸೇರಿಸಿಬಿಡುತ್ತಾರೆ.

ಕರಾಮಾ, ಅಲ್ ಕುಸೈಸ್, ಮುಸಫ್ಫಾ ಕಡೆ ಬೆಡ್‌ಸ್ಪೇಸಿನಲ್ಲಿ ಇರುವವರು ಇನ್ನೊಂದು ಕೆಲಸ ಮಾಡಬೇಕು. ಒಂದೇ ರೂಮಿನಲ್ಲಿ ಐದಾರು ಜನ, ಚಾರ್ಜಿಗೆ ಹಾಕಿದ ಫೋನು ಎಲ್ಲರ ಕೈಗೂ ಎಟಕುತ್ತದೆ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಆಗಾಗ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರಿನ ಹೆಸರು ಅಲ್ಲಿದ್ದರೆ ಕೂಡಲೇ ಲಾಗ್ಔಟ್ ಒತ್ತಿ.

ಹಂತ 2: ಹಳೆಯ ಪೋಸ್ಟುಗಳನ್ನು ಗುಡಿಸಿ

ಇದನ್ನು ಹೊಸಬರು ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. 2020ರ ಏಪ್ರಿಲಿನಲ್ಲಿ, ಕೋವಿಡ್ ಲಾಕ್‌ಡೌನಿನ ದಿನಗಳಲ್ಲಿ, ಯುಎಇಯಲ್ಲಿದ್ದ ಕೆಲವು ಭಾರತೀಯರು ಫೇಸ್‌ಬುಕ್, ಟ್ವಿಟರಿನಲ್ಲಿ ಒಂದು ಧರ್ಮದವರನ್ನು ಹೀಯಾಳಿಸಿ ಬರೆದರು. ಅದರ ಸ್ಕ್ರೀನ್‌ಶಾಟುಗಳು ಅವರವರ ಕಂಪನಿಗಳಿಗೆ ತಲುಪಿದವು. ಒಬ್ಬೊಬ್ಬರೇ ಕೆಲಸ ಕಳೆದುಕೊಂಡರು. ಅವರಲ್ಲಿ ಕರ್ನಾಟಕದವರೂ ಇದ್ದರು. ಏಪ್ರಿಲ್ 20ರಂದು ಆಗಿನ ಭಾರತದ ರಾಯಭಾರಿ ಪವನ್ ಕಪೂರ್ ಅವರೇ ಟ್ವೀಟ್ ಮಾಡಿ, ತಾರತಮ್ಯ ನಮ್ಮ ನೀತಿಗೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಇದನ್ನು ನೆನಪಿಡಬೇಕು ಎಂಬ ಅರ್ಥದ ಎಚ್ಚರಿಕೆ ಕೊಡಬೇಕಾಯಿತು. ಅದೇ ವಾರ ಬೆಂಗಳೂರು ದಕ್ಷಿಣದ ಸಂಸದರು 2015ರಲ್ಲಿ ಅರಬ್ ಮಹಿಳೆಯರ ಬಗ್ಗೆ ಹಾಕಿದ್ದ ಟ್ವೀಟೊಂದು ಮೇಲೆದ್ದು ಬಂದು ಗಲ್ಫ್ ತುಂಬ ಓಡಾಡಿತು. ಅವರು ಅದನ್ನು ಅಳಿಸುವಷ್ಟರಲ್ಲಿ ಐದು ವರ್ಷ ಕಳೆದಿತ್ತು.

ದ್ವೇಷ, ತಾರತಮ್ಯದ ಮಾತಿಗೆ ಇಲ್ಲಿ 2015ರಿಂದಲೇ ಪ್ರತ್ಯೇಕ ಕಾನೂನಿದೆ. ಈಗ ಅದರ ಜಾಗದಲ್ಲಿರುವುದು 2023ರ ಕಾನೂನು. ಯಾವ ಧರ್ಮದ ಬಗ್ಗೆಯಾದರೂ ಅಷ್ಟೇ. ನಿಮ್ಮ ಫೇಸ್‌ಬುಕ್ ಪ್ರೊಫೈಲಿನಲ್ಲಿ ‘ವರ್ಕ್ಸ್ ಅಟ್’ ಎಂದು ಕಂಪನಿಯ ಹೆಸರಿದೆಯೇ ನೋಡಿ. ಇದ್ದರೆ ತೆಗೆಯಿರಿ. ಆಮೇಲೆ ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿದರೆ ಹಿಂದೆ ಜಗತ್ತಿಗೆಲ್ಲ ಕಾಣುತ್ತಿದ್ದ ಪೋಸ್ಟುಗಳು ಗೆಳೆಯರಿಗೆ ಮಾತ್ರ ಕಾಣುವಂತಾಗುತ್ತವೆ. ಚುನಾವಣೆ ಕಾಲದಲ್ಲಿ ಬರೆದದ್ದು, ಹಂಚಿದ್ದು, ಕಾಮೆಂಟ್ ಹಾಕಿದ್ದು, ಇವನ್ನು ಮಾತ್ರ ‘ಆ್ಯಕ್ಟಿವಿಟಿ ಲಾಗ್’ನಲ್ಲಿ ಹುಡುಕಿ ನೀವೇ ಅಳಿಸಬೇಕು. ಒಂದು ಶುಕ್ರವಾರದ ಮಧ್ಯಾಹ್ನ ಇದಕ್ಕೆ ಮೀಸಲಿಡಿ.

ಹಂತ 3: ಫೋಟೊ ಹಾಕುವ ಮುಂಚೆ ಹಿಂದೆ ನಿಂತವರನ್ನು ನೋಡಿ

ಸೈಬರ್ ಕಾನೂನಿನ 44ನೇ ವಿಧಿ ಎಲ್ಲರೂ ತಿಳಿದಿರಬೇಕಾದದ್ದು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತರುವಂತೆ ಫೋಟೊ ತೆಗೆಯುವುದು, ಹಂಚುವುದು, ಅವರ ಮಾತು ರೆಕಾರ್ಡ್ ಮಾಡುವುದು, ಅವರು ಎಲ್ಲಿದ್ದಾರೆಂದು ಜಾಡು ಹಿಡಿದು ಬಯಲು ಮಾಡುವುದು, ಅಪಘಾತದಲ್ಲಿ ಗಾಯಗೊಂಡವರ ಅಥವಾ ಸತ್ತವರ ಚಿತ್ರ ಹರಿಬಿಡುವುದು ಎಲ್ಲವೂ ಅದರೊಳಗೆ ಬರುತ್ತವೆ. ಶಿಕ್ಷೆ ಕನಿಷ್ಠ 6 ತಿಂಗಳ ಜೈಲು, 1,50,000ದಿಂದ 5,00,000 ದಿರ್ಹಮ್ ದಂಡ, ಎರಡೂ ಅಥವಾ ಎರಡರಲ್ಲೊಂದು. ತಿಂಗಳಿಗೆ ಎರಡು ಸಾವಿರ ದಿರ್ಹಮ್ ದುಡಿಯುವವರು ಈ ಮೊತ್ತವನ್ನು ಒಮ್ಮೆ ಕಾಗದದ ಮೇಲೆ ಭಾಗಿಸಿ ನೋಡಬೇಕು.

ಬೀಚಿನಲ್ಲಿ, ಮೆಟ್ರೊದಲ್ಲಿ, ಮಾಲಿನಲ್ಲಿ ಸೆಲ್ಫಿ ತೆಗೆಯುವಾಗ ಹಿಂದೆ ಒಂದು ಕುಟುಂಬ ಸ್ಪಷ್ಟವಾಗಿ ಕಾಣುತ್ತಿದ್ದರೆ ಜಾಗ ಬದಲಿಸಿ. ಮಹಿಳೆಯರು, ಮಕ್ಕಳು ಇದ್ದಾಗ ಇನ್ನೂ ಎಚ್ಚರ. ಸರ್ಕಾರಿ ಕಚೇರಿ, ಸೇನೆಗೆ ಸೇರಿದ ಜಾಗಗಳ ಫೋಟೊ ಬೇಡವೇ ಬೇಡ. ಭಾರತದಲ್ಲಿ ಕೊಂಡ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ತಾನಾಗಿಯೇ ರೆಕಾರ್ಡ್ ಆಗುವ ಸೌಲಭ್ಯ ಇರುತ್ತದೆ. ಅದನ್ನು ಆಫ್ ಮಾಡಿ. ಸಂಬಳ ಕೊಡದ ಮ್ಯಾನೇಜರ ಮಾತನ್ನು ಸಾಕ್ಷಿಗೆಂದು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದವರೇ ಆರೋಪಿಯಾಗುವ ಸಂಭವ ಇಲ್ಲಿದೆ.

ಇನ್ನು ಫೋಟೊದಲ್ಲಿ ನಿಮ್ಮ ಗುಟ್ಟು ಎಷ್ಟು ಹೊರಬೀಳುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಹೊಸ ಮನೆಗೆ ಬಂದ ಖುಷಿಗೆ ಗಂಡ ಹೆಂಡತಿ ಕಟ್ಟಡದ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಗೋಡೆಯಲ್ಲಿ ಸಣ್ಣ ಫಲಕ, ಅದರಲ್ಲಿ 10 ಅಂಕಿ. ಅದು ದುಬೈ ನಗರಸಭೆಯ ‘ಮಕಾನಿ’ ಸಂಖ್ಯೆ. ಆ 10 ಅಂಕಿಯನ್ನು ಮಕಾನಿ ಆ್ಯಪಿಗೆ ಹಾಕಿದರೆ ಆ ಕಟ್ಟಡದ ಅದೇ ಬಾಗಿಲಿಗೆ ದಾರಿ ಸಿಗುತ್ತದೆ. ಆಂಬುಲೆನ್ಸ್ ತಡವಾಗದಿರಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು, ಆದರೆ ನಿಮ್ಮ ಫೋಟೊ ನೋಡಿದ ಅಪರಿಚಿತರಿಗೂ ಅಷ್ಟೇ ಸಲೀಸು. ಅಬುಧಾಬಿಯಲ್ಲಿ ‘ಒನ್ವಾನಿ’ ಫಲಕಗಳು ಇದೇ ಕೆಲಸ ಮಾಡುತ್ತವೆ. ಅದೇ ಫೋಟೊದಲ್ಲಿ ಕಾರಿನ ನಂಬರು, ಕೈಯಲ್ಲಿ ಹಿಡಿದ ಕೀಲಿಗೊಂಚಲಿನ ಫ್ಲ್ಯಾಟ್ ಸಂಖ್ಯೆ ಇದ್ದರೆ ಹೇಳುವುದೇ ಬೇಡ. ಕತ್ತರಿಸಿ ಹಾಕಿ.

ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಟೂರ್ನಿಗಳ ಫೋಟೊ ಹಾಕುವ ಸಂಘದವರಿಗೂ ಒಂದು ಮಾತು. ಮಕ್ಕಳ ನೃತ್ಯದ ವಿಡಿಯೊ ಹೊರಗೆ ಹಾಕುವ ಮುಂಚೆ ಆ ಮಕ್ಕಳ ತಂದೆತಾಯಿಯನ್ನು ಕೇಳಿ. ಸಭೆಯ ಮೊದಲಿಗೆ ಮೈಕಿನಲ್ಲಿ ಹೇಳಿ ಒಪ್ಪಿಗೆ ಪಡೆಯುವ ಪದ್ಧತಿ ಎಲ್ಲ ಸಂಘಗಳಲ್ಲೂ ಬರಬೇಕು ಎಂಬುದು ನನ್ನ ಬಲವಾದ ಆಸೆ.

ಹಂತ 4: ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್, ವೀಸಾ ಪುಟ

ಎಮಿರೇಟ್ಸ್ ಐಡಿಯಲ್ಲಿ 15 ಅಂಕಿ. ಮೊದಲ ಮೂರು 784, ಅದು ಈ ದೇಶದ ಸಂಕೇತ. ಮುಂದಿನ ನಾಲ್ಕು ನೀವು ಹುಟ್ಟಿದ ವರ್ಷ. ಹುಟ್ಟುಹಬ್ಬದ ಶುಭಾಶಯಗಳಲ್ಲಿ ನಿಮ್ಮ ವಯಸ್ಸು ಬಯಲಾಗಿದ್ದರೆ ಏಳು ಅಂಕಿ ಆಗಲೇ ಹೊರಗೆ ಬಂದಂತೆ.

ಗ್ರೂಪುಗಳಲ್ಲಿ ಆಗಾಗ ಬರುವ ಮೆಸೇಜೊಂದಿದೆ: ಬಸ್ ಸ್ಟಾಪಿನಲ್ಲಿ ಐಡಿ ಸಿಕ್ಕಿದೆ, ಈ ಅಣ್ಣನಿಗೆ ತಲುಪುವವರೆಗೂ ಹಂಚಿ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಆ ಕಾರ್ಡಿನ ಎರಡೂ ಬದಿ ಈಗ ಸಾವಿರಾರು ಫೋನುಗಳಲ್ಲಿ ಕೂತಿದೆ, ಕಾರ್ಡಿನ ಒಡೆಯನಿಗೆ ಅದು ಗೊತ್ತೇ ಇಲ್ಲ. ಕಾರ್ಡನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಡಿ, ಫೋಟೊ ತೆಗೆಯಬೇಡಿ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುವ ತಮ್ಮಂದಿರು, ತಂಗಿಯರು ಫೇಸ್‌ಬುಕ್ ಗ್ರೂಪುಗಳಲ್ಲಿ ಸಿವಿಯ ಜೊತೆ ಪಾಸ್‌ಪೋರ್ಟ್ ಪ್ರತಿಯನ್ನೂ ಹಾಕುತ್ತಾರೆ. ಸಿವಿಯಲ್ಲಿ ಹೆಸರು, ಓದು, ಅನುಭವ, ಒಂದು ಇಮೇಲ್ ಸಾಕು. ಕೆಲಸದ ಆಫರ್ ಬಂದು, ಕಂಪನಿ ನಿಜವೆಂದು ಖಚಿತವಾದ ಮೇಲೆ ಪಾಸ್‌ಪೋರ್ಟಿನ ಮಾತು. ಊರಿಗೆ ಹೊರಟ ದಿನದ ಬೋರ್ಡಿಂಗ್ ಪಾಸಿನ ಫೋಟೊವೂ ಬೇಡ. ಅದರಲ್ಲಿರುವ ಪಿಎನ್ಆರ್ ಮತ್ತು ಹೆಸರು ಹಿಡಿದು ಟಿಕೆಟಿನ ವಿವರ ತೆರೆಯಬಹುದು.

ಇಲ್ಲಿನ ಡಿಜಿಟಲ್ ಗುರುತಿನ ಯುಎಇ ಪಾಸ್ ಆ್ಯಪಿನಲ್ಲಿ ನೀವು ಕೇಳದೆ ‘ಕನ್‌ಫರ್ಮ್’ ಎಂಬ ಕೋರಿಕೆ ಬಂದರೆ ಒತ್ತಬೇಡಿ. ಒಂದು ಒತ್ತಿಗೆ ನಿಮ್ಮ ಸಹಿಯಷ್ಟೇ ಬೆಲೆ.

ಹಂತ 5: ಗ್ರೂಪಿನಲ್ಲಿ ನಾಲಿಗೆಗೆ ಹಿಡಿತ

ಬೈಗುಳಕ್ಕೆ ಅದೇ ಸೈಬರ್ ಕಾನೂನಿನ 43ನೇ ವಿಧಿ. ದಂಡ 2,50,000ದಿಂದ 5,00,000 ದಿರ್ಹಮ್, ಜೈಲೂ ಆಗಬಹುದು. ಇದು ಸಾರ್ವಜನಿಕ ಪೋಸ್ಟಿಗಷ್ಟೇ ಎಂದುಕೊಳ್ಳಬೇಡಿ; ಒಬ್ಬರಿಗೊಬ್ಬರು ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜಿನ ಬೈಗುಳದ ಮೇಲೂ ದೂರು ಬರಬಹುದು. ಬಾಡಿಗೆ ಜಗಳ, ಸಾಲದ ಜಗಳ ಬಂದಾಗ ಬರೆಯಬೇಡಿ, ಎದುರು ಕೂತು ಮಾತಾಡಿ.

ವದಂತಿಗೆ 52ನೇ ವಿಧಿ. ಕನಿಷ್ಠ ಒಂದು ವರ್ಷ ಜೈಲು, 1,00,000 ದಿರ್ಹಮ್ ದಂಡ. ವಿಪತ್ತು, ತುರ್ತು ಪರಿಸ್ಥಿತಿಯ ಹೊತ್ತಾದರೆ ಎರಡೂ ದುಪ್ಪಟ್ಟು. ‘ಬಂದದ್ದನ್ನು ಹಾಗೇ ಕಳಿಸಿದ್ದು’ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ದುಡ್ಡು ಕೂಡಿಸುವ ವಿಷಯದಲ್ಲಿ ನಮ್ಮ ಜನರಿಗೆ ಹೇಳುವುದೇ ಕಷ್ಟ, ಏಕೆಂದರೆ ಅದು ಕರುಣೆಯಿಂದ ಹುಟ್ಟುವ ಕೆಲಸ. ಉಡುಪಿಯ ಆಸ್ಪತ್ರೆಯಲ್ಲಿರುವ ಮಗುವಿಗೆ ನೆರವು ಬೇಕು ಎಂದು ಇಲ್ಲಿನ ಗ್ರೂಪಿನಲ್ಲಿ ಮನವಿ ಹಾಕಿದರೂ 2021ರ 3ನೇ ಫೆಡರಲ್ ಕಾನೂನು ಅಡ್ಡ ಬರುತ್ತದೆ. ಸಾರ್ವಜನಿಕರಿಂದ ದೇಣಿಗೆ ಎತ್ತುವ ಅಧಿಕಾರ ಪರವಾನಗಿ ಇರುವ ಸಂಸ್ಥೆಗಳಿಗೆ ಮಾತ್ರ. ನೀವು ನೇರವಾಗಿ ನಿಮ್ಮ ಖಾತೆಯಿಂದ ಆ ಕುಟುಂಬಕ್ಕೆ ಕಳಿಸಿ, ಗ್ರೂಪಿನಲ್ಲಿ ಕೂಗಬೇಡಿ.

ಹೋಟೆಲು, ಸಲೂನು, ಸೀರೆ ಅಂಗಡಿಗೆ ರೀಲ್ಸ್ ಮಾಡಿಕೊಡುವವರು ಯುಎಇ ಮೀಡಿಯಾ ಕೌನ್ಸಿಲ್ 2025ರ ಜುಲೈಯಲ್ಲಿ ಪ್ರಕಟಿಸಿದ ಅಡ್ವರ್ಟೈಸರ್ ಪರ್ಮಿಟ್ ವಿಚಾರಿಸಿಕೊಳ್ಳಿ. ದುಡ್ಡು ತೆಗೆದುಕೊಳ್ಳದೆ ಮಾಡಿದರೂ ಅದು ಬೇಕು.

ಹಂತ 6: ಮನೆಗೆ ಕರೆ ಮಾಡುವ ಆ್ಯಪು

ವಾಟ್ಸ್‌ಆ್ಯಪ್ ಮೆಸೇಜು ನಡೆಯುತ್ತದೆ, ಕರೆ ನಡೆಯುವುದಿಲ್ಲ. ಹೊಸಬರು ಕೂಡಲೇ ವಿಪಿಎನ್ ಹಾಕಿಕೊಳ್ಳುತ್ತಾರೆ. ವಿಪಿಎನ್ ಇಟ್ಟುಕೊಂಡದ್ದೇ ಅಪರಾಧವಲ್ಲ, ಆದರೆ ಅದರ ಮರೆಯಲ್ಲಿ ಕಾನೂನುಬಾಹಿರ ಕೆಲಸ ಮಾಡಿದರೆ ದಂಡ 5,00,000ದಿಂದ 20,00,000 ದಿರ್ಹಮ್ ವರೆಗೆ. ಬೋಟಿಮ್, ಜೂಮ್, ಟೀಮ್ಸ್‌ನಂಥ ಅನುಮತಿಯಿರುವ ಆ್ಯಪುಗಳು ಇರುವಾಗ ಆ ಗೊಡವೆ ಬೇಡ.

ಆದರೂ ಉಚಿತ ಕರೆಯ ಆಸೆಗೆ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. 2019ರಲ್ಲಿ ‘ಟೋಟಾಕ್’ ಎಂಬ ಆ್ಯಪು ಇಲ್ಲಿ ಮನೆಮಾತಾಗಿತ್ತು. ವಿಡಿಯೊ ಕರೆ ಉಚಿತ, ವಿಪಿಎನ್ ಬೇಕಿಲ್ಲ. ಡಿಸೆಂಬರಿನಲ್ಲಿ ಗೂಗಲ್, ಆ್ಯಪಲ್ ಎರಡೂ ಅದನ್ನು ತಮ್ಮ ಅಂಗಡಿಯಿಂದ ತೆಗೆದವು. ಅದು ಬೇಹುಗಾರಿಕೆಯ ಸಾಧನ ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು, ಆ್ಯಪಿನವರು ಅದನ್ನು ಅಲ್ಲಗಳೆದರು. ಯಾವ ಆ್ಯಪಿಗೇ ಆಗಲಿ ಮೈಕು, ಕ್ಯಾಮೆರಾ, ಕಾಂಟ್ಯಾಕ್ಟ್ಸ್, ಲೊಕೇಷನ್ ನಾಲ್ಕನ್ನೂ ಒಟ್ಟಿಗೆ ಕೊಡಬೇಡಿ. ಕರೆಗೆ ಮೈಕು, ಕ್ಯಾಮೆರಾ ಸಾಕು. ಲೊಕೇಷನ್ ಏಕೆ?

ಹಂತ 7: ಊರಿನಲ್ಲಿರುವವರಿಗೂ ಹೇಳಿ

ಮಗ ದುಬೈಯಲ್ಲಿದ್ದಾನೆ ಎಂದು ತಿಳಿದ ಕಳ್ಳರು ಅಮ್ಮನಿಗೆ ಫೋನ್ ಮಾಡುತ್ತಾರೆ: ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಬಿಡಿಸಬೇಕಾದರೆ ದುಡ್ಡು ಹಾಕಿ. ಮಗನ ಹೆಸರು, ಕಂಪನಿ, ರೂಮು ಎಲ್ಲ ಸರಿಯಾಗಿಯೇ ಹೇಳುತ್ತಾರೆ, ಏಕೆಂದರೆ ಅದೆಲ್ಲ ಫೇಸ್‌ಬುಕ್‌ನಲ್ಲಿದೆ. ಮನೆಯವರೊಳಗೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಬೇರೆ ಯಾರಿಗೂ ಗೊತ್ತಿರಬಾರದು, ಎಲ್ಲೂ ಬರೆದಿರಬಾರದು. ಅಂಥ ಕರೆ ಬಂದರೆ ಅಮ್ಮ ಅದನ್ನು ಕೇಳಲಿ. ದುಡ್ಡು ಹೋಗಿದ್ದರೆ ಭಾರತದಲ್ಲಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಹಂತ 8: ಎಡವಟ್ಟಾದರೆ

ನಿಮ್ಮ ಫೋಟೊ ಯಾರೋ ಬಳಸಿದರೆ, ಬೆದರಿಸಿದರೆ, ಖಾತೆ ಕದ್ದರೆ ಮೊದಲು ಅಳಿಸುವ ಆತುರ ಬೇಡ. ಸ್ಕ್ರೀನ್‌ಶಾಟ್ ತೆಗೆಯಿರಿ, ನಂಬರು, ಲಿಂಕು, ಸಮಯ ಬರೆದಿಡಿ. ಬೆದರಿಸುವವರಿಗೆ ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಆ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಿ ಮಾನ ತೆಗೆಯಲೂ ಹೋಗಬೇಡಿ, ಆಗ ಕೇಸು ನಿಮ್ಮ ಮೇಲೂ ಬರುತ್ತದೆ. ದುಬೈಯಲ್ಲಿದ್ದರೆ ದುಬೈ ಪೊಲೀಸರ ‘ಇ-ಕ್ರೈಮ್’ ತಾಣದಲ್ಲಿ ದೂರು ಕೊಡಿ ಅಥವಾ 901ಕ್ಕೆ ಕರೆ ಮಾಡಿ. ಅಬುಧಾಬಿಯಲ್ಲಿದ್ದರೆ ‘ಅಮಾನ್’ ಸೇವೆ, 8002626. ಜೀವಕ್ಕೆ ಅಪಾಯವಿದ್ದರೆ ಎಲ್ಲಿದ್ದರೂ 999. ಭಾಷೆ ಬಾರದೆ ಹೆದರಿಕೆಯಾದವರು ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342 ಉಚಿತ ನಂಬರಿನಲ್ಲಿ ಕರೆ ಮಾಡಬಹುದು. ಈ ನಾಲ್ಕು ನಂಬರುಗಳನ್ನು ಫೋನಿನಲ್ಲಿ ಉಳಿಸಿದ ಮೇಲೆ ಒಂದು ಚೀಟಿಯಲ್ಲೂ ಬರೆದು ಪರ್ಸಿನಲ್ಲಿಡಿ. ಫೋನೇ ಕಳುವಾದ ದಿನ ಬೇಕಾಗುವುದು ಆ ಚೀಟಿ.