ಹೋಳಿಯ ಕಂಬ

ಫಾಲ್ಗುಣ ಮಾಸದ ಹುಣ್ಣಿಮೆ ಸಮೀಪಿಸಿತೆಂದರೆ ಗೋವೆಯ ಹಳ್ಳಿಗಳಲ್ಲಿ ಢೋಲು ತಾಸೆಗಳ ಸದ್ದು ಕೇಳಬರುತ್ತದೆ. ಆಗ ನಮ್ಮ ಶಾಲೆಯ ಮಕ್ಕಳು, “ಗುರುಗಳೇ, ಇದು ನಮ್ಮ ಹಬ್ಬವೋ ಅವರ ಹಬ್ಬವೋ?” ಎಂದು ಕೇಳುವುದುಂಟು. ಪ್ರಶ್ನೆ ಚಿಕ್ಕದಾದರೂ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಲು ಬಾರದು. ಆದುದರಿಂದ ಈ ಪಾಠವನ್ನು ಬರೆದಿದ್ದೇವೆ.

ಗೋವೆಯವರು ಈ ವಸಂತೋತ್ಸವವನ್ನು ಶಿಗ್ಮೊ ಎನ್ನುತ್ತಾರೆ. ಉತ್ಸವ ನಡೆಯುವ ಪವಿತ್ರವಾದ ಬಯಲಿಗೆ ಮಾಂಡ ಎಂದು ಹೆಸರು. ಅಲ್ಲಿ ಮೊದಲು ‘ನಮನ’ವನ್ನು ಹಾಡಿ ಗ್ರಾಮದೇವತೆಗಳನ್ನು ಸ್ಮರಿಸಿದ ಬಳಿಕವೇ ಕುಣಿತ. ಹಲವು ಊರುಗಳಲ್ಲಿ ನೀಳವಾದ ಮರವೊಂದನ್ನು ಕಡಿದು, ವಾದ್ಯಘೋಷದೊಡನೆ ಹೆಗಲ ಮೇಲೆ ಹೊತ್ತು ತಂದು, ಮಾವಿನ ಎಲೆಗಳಿಂದ ಸಿಂಗರಿಸಿ ನಿಲ್ಲಿಸುತ್ತಾರೆ. ಈ ಕಂಬವೇ ‘ಹೋಳಿ’. ಕೆಲವೆಡೆ ಅದು ಅಡಿಕೆಮರ, ಕೆಲವೆಡೆ ಮಾವು, ಇನ್ನು ಕೆಲವೆಡೆ ಬೂರುಗ. ಕೇಪೆ ತಾಲ್ಲೂಕಿನ ಮಳಕರ್ಣೆಯಲ್ಲಿ ‘ಶೆಣಿ ಉಜೊ’ ನಡೆಯುತ್ತದೆ. ಶೆಣಿ ಎಂದರೆ ಬೆರಣಿ, ನಮ್ಮೂರ ಮಾತಿನಲ್ಲಿ ಕುಳ್ಳು; ಉಜೊ ಎಂದರೆ ಬೆಂಕಿ. ಉರಿಯುವ ಬೆರಣಿಯ ಕಿಡಿಗಳ ಮಳೆಯಲ್ಲಿ ಭಕ್ತರು ಓಡುತ್ತಾರೆ.

ದೊಡ್ಡ ಕಂಬವನ್ನು ನಿಲ್ಲಿಸುವುದು ಒಬ್ಬಿಬ್ಬರ ಕೆಲಸವಲ್ಲ. ಬುಡವನ್ನು ಗುಣಿಯ ಅಂಚಿಗೆ ತಂದು, ತುದಿಯನ್ನೆತ್ತಿ, ಕೆಳಗೆ ಕವೆಗೋಲುಗಳನ್ನು ಆನಿಸುತ್ತ, ಹಗ್ಗಗಳಿಂದ ಸುತ್ತಲೂ ಹಿಡಿದು ಮೇಲೇರಿಸಬೇಕು. ಒಬ್ಬನು ಮುಂಚೆ, ಮತ್ತೊಬ್ಬನು ತಡವಾಗಿ ಎಳೆದರೆ ಕಂಬವು ವಾಲುವುದು. ಎಲ್ಲರ ಕೈ ಒಂದಾಗಬೇಕೆಂಬುದೇ ಈ ಆಚಾರದ ಮೊದಲ ಪಾಠ.

ಇಂಥ ಪದ್ಧತಿ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ಹಳ್ಳಿಗರು ಮೇ ತಿಂಗಳಲ್ಲಿ ಕಂಬ ನೆಟ್ಟು ಅದರ ಸುತ್ತ ಕುಣಿಯುತ್ತಿದ್ದರು. 1644ರಲ್ಲಿ ಅಲ್ಲಿಯ ಪಾರ್ಲಿಮೆಂಟು ಆ ಕಂಬಗಳನ್ನು ಕೆಡವಬೇಕೆಂದು ಕಟ್ಟಳೆ ಮಾಡಿತು. ಆದರೆ ರಾಜನು ಮರಳಿ ಬಂದ ಮೇಲೆ, 1661ರಲ್ಲಿ, ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಜನರು 134 ಅಡಿ ಎತ್ತರದ ಕಂಬವನ್ನೇ ಎತ್ತಿದರು.

ಗೋವೆಯ ಕಥೆಯೂ ಇದಕ್ಕೆ ದೂರವಲ್ಲ. 1560ರಲ್ಲಿ ಇಲ್ಲಿ ಸ್ಥಾಪಿತವಾದ ಇನ್‌ಕ್ವಿಜಿಶನ್ ಎಂಬ ಧರ್ಮವಿಚಾರಣಾ ಮಂಡಲಿಯು 1736ರ ಆಜ್ಞೆಯಿಂದ ಅನೇಕ ಹಳೆಯ ಆಚಾರಗಳನ್ನು ನಿಷೇಧಿಸಿತು. ಪೋರ್ತುಗೀಜರು ಮೊದಲು ಗೆದ್ದ ತಿಸ್ವಾಡಿ, ಬಾರ್ದೇಶ, ಸಾಸಷ್ಟಿಗಳಲ್ಲಿ ಅದರ ಬಿಸಿ ಹೆಚ್ಚು. ಸತ್ತರಿ, ಡಿಚೋಲಿ, ಪೆಡ್ನೆ, ಕಾಣಕೋಣ ಮೊದಲಾದವು ಅವರ ಕೈಸೇರಿದುದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಬಿಗಿ ಸಡಿಲವಾಗಿದ್ದುದರಿಂದ ಅಲ್ಲಿ ಶಿಗ್ಮೊ ಹುಲುಸಾಗಿ ಉಳಿಯಿತು. ಹಾಗಿದ್ದೂ ಸಾಸಷ್ಟಿಯ ಚಾಂದೋರಿನಲ್ಲಿ ಕ್ರೈಸ್ತ ಮನೆತನಗಳವರು ಒನಕೆ ಹಿಡಿದು ಕುಣಿಯುವ ‘ಮುಸಳ ಖೇಳ’ವನ್ನು ಬಿಟ್ಟಿಲ್ಲ. ಈ ಚಾಂದೋರೇ ಗೋವೆಯ ಕದಂಬರ ಮೊದಲ ರಾಜಧಾನಿಯಾದ ಚಂದ್ರಪುರ. ಆ ಕದಂಬರ ಕನ್ನಡ ಶಾಸನಗಳುಂಟು. ‘ನಮ್ಮದು’, ‘ಅವರದು’ ಎಂಬ ಗೆರೆಯು ನಾವೆಣಿಸುವಷ್ಟು ನೇರವಾಗಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಈಗ ಬದಲಾವಣೆಗಳು ಬೇರೆ ಬಗೆಯವು. ಪಣಜಿ, ಮಡಗಾಂವ, ವಾಸ್ಕೋಗಳಲ್ಲಿ ಅಲಂಕೃತ ವಾಹನಗಳ ಮೆರವಣಿಗೆ ನಡೆಯುತ್ತದೆ, ಬಹುಮಾನಗಳಿರುತ್ತವೆ. ಕಲಾವಿದರಿಗೆ ಇದರಿಂದ ಮನ್ನಣೆ ದೊರೆಯುತ್ತದೆ. ಆದರೆ ಮಾಂಡದಲ್ಲಿ ಕುಣಿಯುವವನಿದ್ದವನು ಬೀದಿಯಲ್ಲಿ ನೋಡುವವನಾಗಿಬಿಡುವ ಅಪಾಯವೂ ಇದೆ. ಇನ್ನು ಮರದ ಮಾತು. ಬೂರುಗವು ಕೆಂಪು ಹೂಗಳನ್ನು ಬಿಡುವುದು ಹೋಳಿಯ ಹೊತ್ತಿಗೇ; ಮಕರಂದಕ್ಕಾಗಿ ಗೊರವಂಕ, ಪಿಕಳಾರಗಳು ಅದಕ್ಕೆ ಮುತ್ತುತ್ತವೆ. ವರ್ಷವರ್ಷವೂ ಕಡಿದು ಒಂದನ್ನೂ ನೆಡದಿದ್ದರೆ ಮುಂದಿನವರಿಗೆ ಮರವೂ ಇಲ್ಲ, ಹಬ್ಬವೂ ಇಲ್ಲ.

ಪಾಲಕರೇ, ನಿಮ್ಮಲ್ಲಿ ಹಲವರು ಬಾಗಲಕೋಟೆ, ಗದಗ, ವಿಜಯಪುರಗಳ ಕಡೆಯಿಂದ ಬಂದವರು. ಬಾಲ್ಯದಲ್ಲಿ ಹಲಗೆ ಬಾರಿಸುತ್ತ ಕಾಮಣ್ಣನಿಗಾಗಿ ಕಟ್ಟಿಗೆ, ಕುಳ್ಳು ಕೂಡಿಸಿದವರು. ಕದ್ದು ತಂದವರೂ ಇರಬಹುದು! ನವಲಗುಂದದ ರಾಮಲಿಂಗ ಕಾಮಣ್ಣನ ಹೆಸರು ಕೇಳದವರು ಯಾರು? ಅದನ್ನೆಲ್ಲ ಮಕ್ಕಳಿಗೆ ಹೇಳಿರಿ. ಹೇಳದಿದ್ದರೆ ಅವರು ಊರಿನ ಕಾಮಣ್ಣನಿಗೂ ಹೊರಗಿನವರು, ಇಲ್ಲಿಯ ಶಿಗ್ಮೊಗೂ ಹೊರಗಿನವರು ಆಗುವರು. ಎರಡು ಊರಿನ ಮಗು ಎರಡೂ ಇಲ್ಲದ ಮಗುವಾಗಬಾರದು.

ಮಕ್ಕಳೇ, ಮಾಂಡಕ್ಕೆ ಹೋದಾಗ ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ದೂರ ನಿಂತು, ಮೌನದಿಂದ ನೋಡಿರಿ. ಯಾರು ಏನು ಮಾಡಬೇಕೆಂಬ ಮಾನವು ಊರಿನ ಮನೆತನಗಳಿಗೆ ಸಲ್ಲುವುದುಂಟು. ಕರೆಯದೆ ಕಂಬಕ್ಕೆ ಕೈಹಚ್ಚುವುದು ತರವಲ್ಲ. ಹಿರಿಯರನ್ನು ವಿನಯದಿಂದ ಕೇಳಿ, ತಿಳಿದುದನ್ನು ಬರೆದಿಡಿರಿ. ಆದರೆ ಮಳೆಗಾಲದಲ್ಲಿ ಒಂದು ಬೂರುಗದ ಸಸಿಯನ್ನು ನೆಡುವುದಕ್ಕೆ ಯಾವ ಮನೆತನದ ಮಾನವೂ ಬೇಕಾಗಿಲ್ಲ. ಅದನ್ನು ನೆಟ್ಟು, ನೀರೆರೆದು ಬೆಳೆಸಿದವನು ಈ ಹಬ್ಬವು ಯಾರದೆಂದು ಮತ್ತೆ ಕೇಳಲಾರನು.