ಲಂಟಾನ ಕಡಿದರೂ ಯಾಕೆ ಸಾಯಲ್ಲ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಸ್ನೇಹಿತರಿಗೆ ಈ ಗಿಡ ಗೊತ್ತೇ ಇರುತ್ತೆ. ಹಳದಿ, ಕೆಂಪು, ಗುಲಾಬಿ ಹೂಗೊಂಚಲು, ಮುಟ್ಟಿದರೆ ತರಚುವ ಕಾಂಡ, ಘಾಟು ವಾಸನೆಯ ಎಲೆ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು ಬ್ರಿಟಿಷರು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದರು. ಇವತ್ತು ನಾಗರಹೊಳೆ ಕಾಡನ್ನೂ ಅದು ಆವರಿಸಿದೆ.

ಲಂಟಾನ ದಟ್ಟವಾದ ಕಡೆ ಹುಲ್ಲು ಬೆಳೆಯಲ್ಲ. ಅದರ ಎಲೆಯಲ್ಲಿ ವಿಷ ಇರೋದ್ರಿಂದ ಮೇವಿಗೂ ಆಗಲ್ಲ. ಬೇಸಿಗೆಯಲ್ಲಿ ಒಣಗಿದ ಪೊದೆ ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏರಿಸುತ್ತೆ. ಕಾಡೊಳಗೆ ಮೇವು ಕಮ್ಮಿಯಾದರೆ ಪೆಟ್ಟು ಬೀಳೋದು ಕಾಡಂಚಿನ ರಾಗಿ, ಮುಸುಕಿನ ಜೋಳದ ಹೊಲಕ್ಕೆ.

ಹಾಗಾದ್ರೆ ಮಚ್ಚು ತಗೊಂಡು ಸವರಿದರೆ ಆಯ್ತಲ್ಲ? ಆಗಲ್ಲ. ಕಾಂಡ ಮತ್ತು ಬೇರು ಕೂಡುವ ಬುಡದಲ್ಲಿ ಚಿಗುರುವ ಶಕ್ತಿ ಉಳಿದಿರುತ್ತೆ. ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ನಾಲ್ಕಾರು ಏಳುತ್ತವೆ. ಸುಟ್ಟರೂ ಬುಡ ಬದುಕುತ್ತೆ. ಜೆಸಿಬಿ ತಂದರೆ ಪೊದೆಯೇನೋ ಹೋಗುತ್ತೆ, ಆದರೆ ಕೆದರಿದ ಮಣ್ಣಿನಲ್ಲಿ ಹಳೇ ಬೀಜಗಳು ಮೊಳೆಯುತ್ತವೆ.

ಇದಕ್ಕೆ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ತಂಡ ಕಾರ್ಬೆಟ್ ಕಾಡಿನಲ್ಲಿ ಒಂದು ಸರಳ ವಿಧಾನ ರೂಪಿಸಿತು:

1. ಮಣ್ಣಿನ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿಯಬೇಕು. ಚಿಗುರುವ ಭಾಗ ಪೊದೆಯ ಜೊತೆಗೇ ಬರುತ್ತೆ.
2. ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಆಗ ಮತ್ತೆ ಬೇರೂರಲ್ಲ.
3. ಹಣ್ಣು ಬಿಡೋ ಮುಂಚೆಯೇ ಕೆಲಸ ಮುಗಿಸಬೇಕು.
4. ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿ, ನೀರು ಹರಿಯುವ ಕಡೆ ಏಳುವ ಸಸಿಗಳನ್ನು ಮುಂದಿನ ವರ್ಷಗಳಲ್ಲೂ ಕೀಳಬೇಕು.
5. ಖಾಲಿಯಾದ ನೆಲದಲ್ಲಿ ಅಲ್ಲಿನದೇ ಹುಲ್ಲು ಬೆಳೆಸಬೇಕು.

ನಾಲ್ಕು, ಐದನೇ ಹೆಜ್ಜೆ ಬಿಟ್ಟರೆ ಮೊದಲ ಮೂರರ ಕೂಲಿಯೂ ವ್ಯರ್ಥ.

ಇಲ್ಲಿ ನಮಗೂ ಕೆಲಸ ಇದೆ. ದಿನವಿಡೀ ಬಗ್ಗದೆ ಬುಡ ಕಡಿಯುವ ಹಗುರ ಸಲಕರಣೆ ಮೆಕ್ಯಾನಿಕಲ್‌ನವರಿಗೆ ಒಳ್ಳೇ ಪ್ರಾಜೆಕ್ಟ್. ಇನ್ನೊಂದು: ನಮ್ಮ ತಾಲ್ಲೂಕುಗಳಲ್ಲಿ ತಂಬಾಕು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು. ಹೊಲದ ಬೇಲಿ, ಕೆರೆ ಏರಿಯ ಲಂಟಾನವನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ ಉರುವಲು ಮಾಡಿದರೆ ಖರ್ಚು ಗಿಟ್ಟುತ್ತಾ? ಹಸಿ ಕಟ್ಟಿಗೆಯ ಶಾಖದ ಒಂದು ಪಾಲು ನೀರು ಆರಿಸೋಕೇ ಹೋಗುತ್ತೆ ಅನ್ನೋದನ್ನ ಲೆಕ್ಕಕ್ಕೆ ಸೇರಿಸಿ. ಕಾಡೊಳಗಿನದಕ್ಕೆ ಮಾತ್ರ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ.